ಬಂದೂಕಿನ ಲಾಭ ಯಾರದು?

ಅಮೆರಿಕದ ಸರ್ಬೆರಸ್ ಎಂಬ ಬಂಡವಾಳ ಸಂಸ್ಥೆಯು 2006ರಿಂದ ಬುಷ್‌ಮಾಸ್ಟರ್, ರೆಮಿಂಗ್ಟನ್ ಮೊದಲಾದ ಬಂದೂಕು ಕಂಪೆನಿಗಳನ್ನು ಕೊಂಡು ಒಂದೇ ಒಡೆತನಕ್ಕೆ ತಂದಿತು. 2012ರ ಡಿಸೆಂಬರಿನಲ್ಲಿ ಅಲ್ಲಿಯ ನ್ಯೂಟೌನಿನ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಹತರಾದುದು ಬುಷ್‌ಮಾಸ್ಟರ್ ಬಂದೂಕಿನಿಂದ. ಆ ಸಂಸ್ಥೆಗೆ ಬಂಡವಾಳವಿತ್ತವರಲ್ಲಿ ಕ್ಯಾಲಿಫೋರ್ನಿಯದ ಉಪಾಧ್ಯಾಯರ ವಿಶ್ರಾಂತಿವೇತನದ ನಿಧಿಯೂ ಒಂದು!

ಇದು ಪರದೇಶದ ಮಾತೆಂದು ಬಸವನಗುಡಿಯ ಗೃಹಸ್ಥರು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ಉಳಿತಾಯವೂ ಮ್ಯೂಚುಯಲ್ ಫಂಡುಗಳ ಮೂಲಕ ನಾವು ಹೆಸರರಿಯದ ಕಾರ್ಖಾನೆಗಳನ್ನು ಸೇರುತ್ತಿದೆ. 2001ರಲ್ಲಿ ಶಸ್ತ್ರನಿರ್ಮಾಣವು ಖಾಸಗಿಯವರಿಗೂ ತೆರೆದ ಮೇಲೆ ಬೆಂಗಳೂರಿನಲ್ಲಿಯೇ ರೈಫಲು ಮಾಡುವ ಕಂಪೆನಿ ಹುಟ್ಟಿದೆ. ದೇಶರಕ್ಷಣೆಯ ಆಯುಧವನ್ನು ನಾನು ಹಳಿಯೆನು. ಆದರೆ ಅರಿಯದೆ ಉಂಡ ಲಾಭಕ್ಕೆ ಹೊಣೆಯಿಲ್ಲವೆಂಬ ವಾದವನ್ನು ಒಪ್ಪಲಾರೆ. ಕೇಳಿದ್ದರೆ ತಿಳಿಯುತ್ತಿದ್ದುದನ್ನು ಕೇಳದೆ ಬಿಟ್ಟವನು ಅರಿಯದವನೆ? ಉಪಾಧ್ಯಾಯರ ನಿಧಿಯವರು ವಿಚಾರಿಸತೊಡಗಿದೊಡನೆಯೇ ಸರ್ಬೆರಸ್ ಬಂದೂಕಿನ ಉದ್ಯಮವನ್ನು ಮಾರುವೆನೆಂದು ಸಾರಿತು. ಕೊಳ್ಳುವವರು ಮಾತ್ರ ದೊರೆಯಲಿಲ್ಲ.