ಇಂದಿನ ಧಮ್ಮ ಚಿಂತನೆ: ಕೌದಿಯ ಮೇಲೆ ಕತೆ ಬರೆದ ಟೀಚರಮ್ಮ



ಪಟಾಚಾರಾ ಥೇರಿಯ ಕತೆ ಓದಿದ ಮೇಲೆ ನಮ್ಮ ಬಳಗದ ಒಬ್ಬ ಅಕ್ಕ ಪ್ರಶ್ನೆಯೊಂದನ್ನು ಕಳಿಸಿದ್ದರು. ಆಗಿಹೋದ ಅನ್ಯಾಯವನ್ನು ಹಾಡಿ, ಆಡಿ, ಚಿತ್ರ ಬರೆದು ಮತ್ತೆ ಮತ್ತೆ ತೋರಿಸುವುದರಿಂದ ಮನಸ್ಸಿನಲ್ಲಿ ದ್ವೇಷ ಬೆಳೆಯುವುದಿಲ್ಲವೇ? ಉಪೋಸಥದ ದಿನ ಹಾಡು ಕುಣಿತದಿಂದ ದೂರವಿರಬೇಕೆಂಬ ಶೀಲವೂ ಇದೆಯಲ್ಲ? ಒಳ್ಳೆಯ ಪ್ರಶ್ನೆ. ಅವಸರದಲ್ಲಿ ಉತ್ತರಿಸುವಂಥದ್ದಲ್ಲ ಎಂದು ಇಷ್ಟು ದಿನ ಸುಮ್ಮನಿದ್ದೆ.

ಶೀಲದ ಮಾತನ್ನು ಬೇಗ ಮುಗಿಸುತ್ತೇನೆ. ಮನಸ್ಸನ್ನು ಮೈಮರೆಸುವ ಮೋಜಿನಿಂದ ಒಂದು ದಿನ ದೂರವಿರು ಎನ್ನುವುದು ಆ ಶೀಲದ ಅರ್ಥ. ನೊಂದವರು ಬಾಯಿ ಮುಚ್ಚಿಕೊಂಡಿರಲಿ ಎಂದಲ್ಲ. ಹಾಗಿದ್ದರೆ ಥೇರಿಗಾಥೆಯೇ ಇರುತ್ತಿರಲಿಲ್ಲ. ನೀರು ಹೊರುವ ದಾಸಿಯಾಗಿದ್ದ ಪುಣ್ಣಿಕಾ, ಮಕ್ಕಳನ್ನು ಕಳೆದುಕೊಂಡ ತಾಯಂದಿರು, ಒರಳು ಒನಕೆಗಳಿಂದ ಬಿಡುಗಡೆ ಪಡೆದವರು, ಎಲ್ಲರೂ ತಮ್ಮ ಬದುಕನ್ನು ಪದ್ಯ ಮಾಡಿ ಹೇಳಿದ್ದಾರೆ. ಭಿಕ್ಖುಣಿ ಸಂಘ ಅದನ್ನು ಬಾಯಿಪಾಠ ಮಾಡಿ ಕಾಪಾಡಿಕೊಂಡು ಬಂತು.

ದ್ವೇಷದ ಪ್ರಶ್ನೆ ದೊಡ್ಡದು. ಅದಕ್ಕಾಗಿ ಇವತ್ತು ಅಮೆರಿಕದ ಒಬ್ಬ ಕಪ್ಪು ಕಲಾವಿದೆಯ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಹೆಸರು ಫೇತ್ ರಿಂಗೋಲ್ಡ್. ನನ್ನ ಹಾಗೆ ಶಾಲೆಯ ಟೀಚರ್ ಆಗಿದ್ದವರು. ಆ ಸಲುಗೆಯೂ ನನಗಿದೆ ಅಂದುಕೊಳ್ಳಿ.

ಅವರು ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕಿನ ಹಾರ್ಲೆಮಿನಲ್ಲಿ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಗುಡ್ಡ ಇಳಿದರೆ ಸಿಗುವುದೇ ಹಾರ್ಲೆಮ್. ಕಪ್ಪು ಜನರ ಹೋರಾಟವನ್ನು ಬಾಬಾಸಾಹೇಬರು ಮರೆತಿರಲಿಲ್ಲ. ವಿಶ್ವಸಂಸ್ಥೆಗೆ ಅವರು ಕೊಟ್ಟ ಮನವಿಯ ಪ್ರತಿ ಬೇಕೆಂದು 1946ರಲ್ಲಿ ಡಬ್ಲ್ಯು.ಇ.ಬಿ. ಡುಬೋಯ್ಸ್ ಅವರಿಗೆ ಪತ್ರ ಬರೆದರು. ಡುಬೋಯ್ಸ್ ಉತ್ತರವನ್ನೂ ಬರೆದರು. ನಾವು ಆ ಜನರ ಬಗ್ಗೆ ಓದುವುದು ಹೊಸದಾಗಿ ಅಂಟಿಸಿಕೊಂಡ ನಂಟಲ್ಲ.

ಫೇತ್ ಚಿಕ್ಕವರಿದ್ದಾಗ ಉಬ್ಬಸದಿಂದ ಶಾಲೆಗೆ ಸರಿಯಾಗಿ ಹೋಗಲಾಗುತ್ತಿರಲಿಲ್ಲ. ತಾಯಿ ವಿಲ್ಲಿ ಪೋಸಿ ಬಟ್ಟೆ ಹೊಲಿಯುವವರು. ಹಾಸಿಗೆ ಹಿಡಿದ ಮಗಳ ಕೈಗೆ ಬಣ್ಣದ ಕಡ್ಡಿ, ಚಿಂದಿ ಬಟ್ಟೆ, ಸೂಜಿ ದಾರ ಕೊಟ್ಟು ಕೂರಿಸುತ್ತಿದ್ದರು. ಅವರ ಮನೆತನದ ಹಿರಿಯಜ್ಜಿಯೊಬ್ಬಳು ಗುಲಾಮಳಾಗಿದ್ದು ಒಡೆಯರ ಮನೆಗೆ ಕೌದಿ ಹೊಲಿದವಳು. ಮುಂದೆ ಫೇತ್ ಚಿತ್ರಕಲೆ ಓದಲು ಸಿಟಿ ಕಾಲೇಜಿಗೆ ಹೋದಾಗ, ಹೆಣ್ಣುಮಕ್ಕಳಿಗೆ ಆ ವಿಭಾಗದಲ್ಲಿ ಜಾಗವಿಲ್ಲ, ಶಿಕ್ಷಕಿಯಾಗುವುದಾದರೆ ಸೇರಬಹುದು ಎಂದರು. ಸರಿ, ಶಿಕ್ಷಕಿಯಾಗಿಯೇ ಚಿತ್ರ ಕಲಿತರು. 1955ರಿಂದ 1973ರವರೆಗೆ ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟರು. ಜೊತೆಗೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದರು.

1967ರ ಬೇಸಿಗೆಯಲ್ಲಿ ಅಮೆರಿಕದ ಊರುಗಳು ಹೊತ್ತಿ ಉರಿದವು. ಆ ವರ್ಷ ಅವರು ಹನ್ನೆರಡು ಅಡಿ ಅಗಲದ ಒಂದು ಚಿತ್ರ ಬರೆದರು. ಅದರ ಹೆಸರು 'ಡೈ'. ಸಾಯಿ ಎಂದು ಅರ್ಥ. ಒಳ್ಳೆಯ ಉಡುಪು ತೊಟ್ಟ ಕಪ್ಪು, ಬಿಳಿ ಗಂಡಸರು ಹೆಂಗಸರು ದಿಕ್ಕೆಟ್ಟು ಓಡುತ್ತಿದ್ದಾರೆ, ಬೀಳುತ್ತಿದ್ದಾರೆ. ಮೈಮೇಲೆಲ್ಲ ರಕ್ತ. ನಮ್ಮ ಅಕ್ಕ ಕೇಳಿದ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಆ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಯಾರ ಮುಖವನ್ನೂ ಆಕೆ ರಾಕ್ಷಸನ ಮುಖವಾಗಿ ಬರೆದಿಲ್ಲ. ಬಿಳಿಯರ ಕಣ್ಣಿನಲ್ಲಿರುವುದೂ ಅದೇ ಭಯ, ಕಪ್ಪು ಜನರ ಕಣ್ಣಿನಲ್ಲಿರುವುದೂ ಅದೇ ಭಯ. ನಡುವೆ ಒಂದು ಕಪ್ಪು ಮಗು, ಒಂದು ಬಿಳಿ ಮಗು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡು ಮುದುರಿ ಕುಳಿತಿವೆ.

ಇದನ್ನು ದ್ವೇಷ ಎನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ದ್ವೇಷಕ್ಕೆ ಒಬ್ಬ ಶತ್ರು ಬೇಕು, ಅವನ ನಾಶ ಬೇಕು. ಈ ಚಿತ್ರ ಕೇಳುವುದು ಅದನ್ನಲ್ಲ. ನಿಮ್ಮ ದೇಶದ ಒಳಗಿರುವುದು ಇದು, ಕಣ್ಣು ತಿರುಗಿಸಬೇಡಿ ಅನ್ನುತ್ತದೆ. ಬುದ್ಧರೂ ರೋಗಕ್ಕೆ ಔಷಧ ಹೇಳುವ ಮೊದಲು ರೋಗ ಇದೆ ಎಂದೇ ಹೇಳಿದ್ದು. ದುಃಖ ಮೊದಲನೆಯ ಸತ್ಯ, ಉಳಿದವು ಆಮೇಲೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು, ಆಮೇಲೆ ಆರೋಪಿಗಳು ಖುಲಾಸೆಯಾದರು. ಇದನ್ನು ನಮ್ಮ ಮಕ್ಕಳಿಗೆ ಹೇಳದೆ ಬಿಟ್ಟರೆ ಅದು ಮೈತ್ರಿಯಾಗುವುದಿಲ್ಲ, ಮರೆವಾಗುತ್ತದೆ. ಹೇಳುವ ಬಗೆಯಲ್ಲಿ ಮೈತ್ರಿ ಇರಬೇಕು, ಅಷ್ಟೇ. ಆ ಇಬ್ಬರು ಮಕ್ಕಳನ್ನು ನಡುವೆ ಕೂರಿಸಿದರಲ್ಲ, ಹಾಗೆ.

ಆ ಚಿತ್ರವನ್ನು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಕೊಂಡದ್ದು 2016ರಲ್ಲಿ. ಬರೆದು ಐವತ್ತು ವರ್ಷಕ್ಕೆ ಒಂದು ವರ್ಷ ಕಡಿಮೆ! ಅಷ್ಟು ಕಾಲ ಆಕೆ ಸುಮ್ಮನೆ ಕಾಯುತ್ತಾ ಕೂರಲಿಲ್ಲ. 1970ರಲ್ಲಿ ವಿಟ್ನಿ ಮ್ಯೂಸಿಯಂ ಪ್ರದರ್ಶನದಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಕಪ್ಪು ಹೆಂಗಸರೂ ಇರಬೇಕು ಎಂದು ಗೆಳತಿಯರ ಜೊತೆ ಸೀಟಿ ಊದಿದರು, ಮ್ಯೂಸಿಯಂ ಒಳಗೆ ಮೊಟ್ಟೆ ಇಟ್ಟು ಬಂದರು. ಯಾರ ಮೇಲೂ ಕಲ್ಲೆಸೆಯಲಿಲ್ಲ. ಆ ವರ್ಷವೇ ಅಲ್ಲಿ ಮೊದಲ ಬಾರಿಗೆ ಕಪ್ಪು ಮಹಿಳೆಯರ ಶಿಲ್ಪಗಳು ಪ್ರದರ್ಶನಗೊಂಡವು. ಮರುವರ್ಷ 'ವೇರ್ ವಿ ಅಟ್' ಎಂಬ ಕಪ್ಪು ಕಲಾವಿದೆಯರ ಬಳಗ ಕಟ್ಟುವುದರಲ್ಲೂ ಕೈಜೋಡಿಸಿದರು.

ಇನ್ನು ನಮಗೆ ಬಹಳ ಹತ್ತಿರದ ಸಂಗತಿ. 1972ರಲ್ಲಿ ಫೇತ್ ಯುರೋಪಿಗೆ ಹೋದಾಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಟಿಬೆಟಿನ ಬೌದ್ಧ ಥಂಕಾಗಳನ್ನು ಕಂಡರು. ಬಟ್ಟೆಯ ಮೇಲೆ ಬರೆದ ಚಿತ್ರ, ಸುತ್ತಲೂ ಬಟ್ಟೆಯದೇ ಅಂಚು, ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಬಹುದು. ಮುಂಡಗೋಡಿನ ಟಿಬೆಟನ್ ಕ್ಯಾಂಪಿಗೆ ಹೋದವರು ಅಲ್ಲಿನ ವಿಹಾರಗಳಲ್ಲಿ ಇಂಥವನ್ನು ನೋಡಿರುತ್ತೀರಿ. ಊರಿಗೆ ಮರಳಿದ ಫೇತ್ ಮರದ ಚೌಕಟ್ಟು ಬಿಟ್ಟರು. ತಾವು ಚಿತ್ರ ಬರೆದರು, ತಾಯಿ ಅದಕ್ಕೆ ಬಟ್ಟೆಯ ಅಂಚು ಹೊಲಿದರು. ಚೌಕಟ್ಟು ಹಾಕಿದ ದೊಡ್ಡ ಚಿತ್ರವನ್ನು ಮಹಡಿಯಿಂದ ಇಳಿಸಬೇಕೆಂದರೆ ಯಾರನ್ನಾದರೂ ಕರೆಯಬೇಕಿತ್ತು, ಈಗ ಬೇಡ. ತನ್ನ ಕೆಲಸವನ್ನು ತಾನೇ ಹೊತ್ತು ನಡೆಯುವ ಸ್ವಾತಂತ್ರ್ಯ ಹೆಣ್ಣಿಗೆ ಎಷ್ಟು ದೊಡ್ಡದು ಎಂದು ಇಲ್ಲಿನ ಅಕ್ಕಂದಿರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮದು ನವಯಾನ, ಥಂಕಾದೊಳಗಿನ ದೇವತೆಗಳು ನಮಗೇಕೆ ಎಂದು ಕೆಲವರು ಕೇಳಬಹುದು. ಫೇತ್ ಕೂಡ ದೇವತೆಗಳನ್ನು ತರಲಿಲ್ಲ. ಆಕೆ ಬೌದ್ಧಳೂ ಅಲ್ಲ, ನಾವು ಹಾಗೆ ಬರೆದುಕೊಳ್ಳುವುದೂ ಬೇಡ. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಹೆಂಗಸರ ಮೇಲೆ ನಡೆದ ಅತ್ಯಾಚಾರಗಳ ಬಗ್ಗೆ ಆಗ ಒಂದು ಸರಣಿ ಚಿತ್ರ ಮಾಡಿದರು. ದೇವತೆ ಇರುತ್ತಿದ್ದ ಜಾಗದಲ್ಲಿ ಆ ಹೆಂಗಸರು. ಅವರ ಮುಖಗಳಾಗಿ ತನ್ನ ಮುಖವನ್ನೂ ತನ್ನ ಇಬ್ಬರು ಹೆಣ್ಣುಮಕ್ಕಳ ಮುಖವನ್ನೂ ಬರೆದರು. ಅದರ ಅಂಚು ಹೊಲಿದವರು ಅಜ್ಜಿ. ಮೂರು ತಲೆಮಾರು ಒಂದೇ ಬಟ್ಟೆಯ ಮೇಲೆ.

ಬಟ್ಟೆಗೂ ಧಮ್ಮಕ್ಕೂ ಇರುವ ನಂಟು ಹಳೆಯದು. ಭಿಕ್ಖುಗಳು ಮೊದಲು ಉಟ್ಟದ್ದು ಪಾಂಸುಕೂಲ, ಅಂದರೆ ಮಸಣದಲ್ಲಿ, ತಿಪ್ಪೆಯಲ್ಲಿ ಬಿದ್ದ ಚಿಂದಿ. ಮಗಧದ ಗದ್ದೆಗಳು ಬದುಗಳಿಂದ ಹೇಗೆ ತುಂಡುತುಂಡಾಗಿ ಕಾಣುತ್ತವೋ ಹಾಗೆ ಚೀವರ ಹೊಲಿಯಲಾದೀತೇ ಎಂದು ಬುದ್ಧರು ಆನಂದರನ್ನು ಕೇಳಿದ ಪ್ರಸಂಗ ವಿನಯದ ಮಹಾವಗ್ಗದಲ್ಲಿದೆ. ಇವತ್ತಿಗೂ ಭಂತೇಜಿಯವರ ಚೀವರವನ್ನು ಹತ್ತಿರದಿಂದ ನೋಡಿ, ಗದ್ದೆ ಬದು ಕಾಣುತ್ತದೆ. ನಮ್ಮವರ ಕತೆಯಲ್ಲಿ ಬಟ್ಟೆಯೇ ಅವಮಾನದ ಗುರುತೂ ಆಗಿತ್ತು. ಅದಕ್ಕೇ 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಜಾತಿಯ ಗುರುತು ಹೇಳುವ ಉಡುಗೆ ಬಿಡಿ, ಸೀರೆಯನ್ನು ಮರ್ಯಾದೆಯಾಗಿ ಉಡಿ ಎಂದು ತಿಳಿಹೇಳಿದರು.

ಪಟಾಚಾರಾಳ ಕತೆಯಲ್ಲೂ ಒಂದು ಬಟ್ಟೆ ಬರುತ್ತದೆ. ಗಂಡ, ಇಬ್ಬರು ಮಕ್ಕಳು, ತಂದೆತಾಯಿ, ಅಣ್ಣ ಎಲ್ಲರನ್ನೂ ಕಳೆದುಕೊಂಡು ಮೈಮೇಲೆ ಅರಿವೆಯೂ ಇಲ್ಲದೆ ಜೇತವನಕ್ಕೆ ಬಂದಾಗ ಜನ ಅವಳನ್ನು ತಡೆಯಲು ಹೋದರು. ಬುದ್ಧರು ತಡೆಯಬೇಡಿ ಎಂದರು. ಸಭೆಯಲ್ಲಿದ್ದ ಒಬ್ಬ ತನ್ನ ಮೇಲುಹೊದಿಕೆಯನ್ನು ಅವಳತ್ತ ಎಸೆದ. ಅದನ್ನು ಹೊದ್ದ ಮೇಲೆ ಅವಳು ತನ್ನ ಕತೆ ಹೇಳಿದಳು, ಎಲ್ಲರೂ ಕೇಳಿದರು. ಉಪದೇಶ ಆಮೇಲೆ ಬಂತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಫೇತ್ ಅವರ ಒಂದು ಆಟದ ಬಗ್ಗೆ ಓದಿ. 1976ರಲ್ಲಿ ಅಮೆರಿಕ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಹಬ್ಬ ಮಾಡುತ್ತಿತ್ತು. ಆ ಇನ್ನೂರರಲ್ಲಿ ಹೆಚ್ಚುಕಡಿಮೆ ಅರ್ಧ ಕಾಲ ಗುಲಾಮರಾಗಿದ್ದವರಿಗೆ ಎಂಥ ಹಬ್ಬ? ಫೇತ್ ಬಟ್ಟೆಯಿಂದ ಆಳೆತ್ತರದ ಗೊಂಬೆಗಳನ್ನು, ಮುಖವಾಡಗಳನ್ನು ಮಾಡಿ ಒಂದು ಸಾವಿನ ಮನೆಯನ್ನೇ ರಂಗದ ಮೇಲೆ ತಂದರು. ಬೂಬಾ ಎಂಬ ಯುವಕ ಮಾದಕ ವಸ್ತುವಿಗೆ ಬಲಿಯಾಗಿ ಸತ್ತಿದ್ದಾನೆ. ಅವನ ಹೆಂಡತಿ ಬೀನಾ ಆ ದುಃಖದಲ್ಲಿ ಸತ್ತಿದ್ದಾಳೆ. ಮನೆಯ ಹಿರಿಯರು ಹೆಣದ ಸುತ್ತ ಅಳುತ್ತಾರೆ. ಕೊನೆಗೆ ಸತ್ತವರು ಏಳುತ್ತಾರೆ, ಬೇರೆ ಬದುಕು ಶುರುವಾಗುತ್ತದೆ. ಈ ಆಟ ಕಾಲೇಜಿನಿಂದ ಕಾಲೇಜಿಗೆ ಹೋಯಿತು, ಅಲ್ಲಲ್ಲಿನ ವಿದ್ಯಾರ್ಥಿಗಳೇ ಪಾತ್ರ ಮಾಡುತ್ತಿದ್ದರು. ಫೇತ್ ಅವರ ಸ್ವಂತ ಅಣ್ಣನೂ ಮೊದಲ ಗಂಡನೂ ಮಾದಕ ವಸ್ತುವಿನ ಚಟಕ್ಕೆ ಸಿಕ್ಕಿ ಹೋದವರು ಎಂದು ತಿಳಿದ ಮೇಲೆ ಆ ಗೊಂಬೆಗಳನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ನಮ್ಮ ಕೇರಿಗಳಲ್ಲಿ ಆ ಜಾಗದಲ್ಲಿ ಸಾರಾಯಿ ಇದೆ. ಮೂವತ್ತೈದು ನಲವತ್ತಕ್ಕೆ ಹೋದ ಎಷ್ಟು ತಮ್ಮಂದಿರನ್ನು ನಾವು ಹೊತ್ತಿದ್ದೇವೆ. ಐದನೆಯ ಶೀಲವನ್ನು ನಾವು ಉಪದೇಶವಾಗಿ ಹೇಳುತ್ತೇವೆ, ಕುಡಿದವನಿಗೆ ಅದು ಬೈಗುಳವಾಗಿ ಕೇಳುತ್ತದೆ. ಹಾಗೆ ಹೋದವರ ತಾಯಂದಿರನ್ನು, ಹೆಂಡಿರನ್ನು ಒಂದು ಕಡೆ ಕೂರಿಸಿ ಅವರ ಮಾತು ಕೇಳಿದ್ದು ಎಷ್ಟು ಸಲ?

ಅಮ್ಮನೂ ಮಗಳೂ ಸೇರಿ 1980ರಲ್ಲಿ ಮೊದಲ ಕೌದಿ ಮಾಡಿದರು. ಹಾರ್ಲೆಮಿನ ಮೂವತ್ತು ಮುಖಗಳು ಅದರಲ್ಲಿವೆ. ಮರುವರ್ಷ ತಾಯಿ ತೀರಿಕೊಂಡರು. ಫೇತ್ ಆ ಹೊತ್ತಿಗೆ ತನ್ನ ಆತ್ಮಕಥೆ ಬರೆದಿಟ್ಟಿದ್ದರು, ಪ್ರಕಾಶಕರು ಯಾರೂ ಒಪ್ಪಲಿಲ್ಲ. ಹಾಗಾದರೆ ಬಟ್ಟೆಯ ಮೇಲೆಯೇ ಬರೆಯುತ್ತೇನೆ ಎಂದರು! 1983ರಿಂದ ಕೌದಿಯ ತುಂಡುಗಳ ನಡುವೆ ಕೈಬರಹದಲ್ಲಿ ಕತೆ ಬರೆಯತೊಡಗಿದರು. ಕೌದಿ ನೋಡಲು ಬಂದವರು ನಿಂತು ಓದಲೇಬೇಕು. ಮೊದಲನೆಯದು ಆಂಟ್ ಜಮೈಮಾಳ ಕತೆ. ಅಮೆರಿಕದಲ್ಲಿ ದೋಸೆಯಂಥ ಒಂದು ತಿಂಡಿಯ ಹಿಟ್ಟಿನ ಪೊಟ್ಟಣದ ಮೇಲೆ ನಗುನಗುವ ಕಪ್ಪು ಅಡುಗೆಯಾಳಾಗಿ ಇದ್ದವಳನ್ನು ಇವರು ಸ್ವಂತ ಹೋಟೆಲಿನ ಒಡತಿಯನ್ನಾಗಿ ಮಾಡಿದರು. 1988ರ 'ಟಾರ್ ಬೀಚ್' ಕೌದಿಯಲ್ಲಿ ಕ್ಯಾಸಿ ಎಂಬ ಎಂಟು ವರ್ಷದ ಹುಡುಗಿ ಮನೆಯ ತಾರಸಿಯಿಂದ ಹಾರಿ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ಹೋಗುತ್ತಾಳೆ. ಆ ಸೇತುವೆ ಕಟ್ಟಿದವರಲ್ಲಿ ಅವಳ ಅಪ್ಪನೂ ಒಬ್ಬ. ಆದರೆ ಬಣ್ಣದ ಕಾರಣಕ್ಕೆ ಅವನನ್ನು ಕಾರ್ಮಿಕರ ಸಂಘಕ್ಕೆ ಸೇರಿಸಿಕೊಂಡಿಲ್ಲ. ಮಗಳು ಸಂಘದ ಕಟ್ಟಡದ ಮೇಲೂ ಹಾರಿ ಅದನ್ನು ಅಪ್ಪನದಾಗಿಸುತ್ತಾಳೆ. 1991ರಲ್ಲಿ ಅದು ಮಕ್ಕಳ ಪುಸ್ತಕವಾಗಿ ಬಂತು. ನಮ್ಮ ಆರನೇ ತರಗತಿಯವರಿಗೆ ಕನ್ನಡದಲ್ಲಿ ಆ ಕತೆ ಹೇಳಿದೆ. ಒಬ್ಬಳು ಎದ್ದು, ನಮ್ಮಪ್ಪ ಟೈಲ್ಸ್ ಹಾಕಿದ ಮನೆಯೊಳಗೆ ಅವನನ್ನೇ ಬಿಡಲಿಲ್ಲ ಟೀಚರ್, ನಾನೂ ಹಾರಬಹುದಾ ಎಂದಳು. ಹಾರು ಎಂದೆ.

ಒಂದು ಜೈಲಿನ ಕತೆ ಹೇಳದಿದ್ದರೆ ಇವತ್ತಿನ ಮಾತು ಅರ್ಧವಾಗುತ್ತದೆ. 1971ರಲ್ಲಿ ರೈಕರ್ಸ್ ದ್ವೀಪದ ಹೆಂಗಸರ ಜೈಲಿಗೆ ಒಂದು ದೊಡ್ಡ ಚಿತ್ರ ಮಾಡುವುದೆಂದಾಯಿತು. ಫೇತ್ ಮೊದಲು ಹೋಗಿ ಬಂದಿಗಳನ್ನೇ ಕೇಳಿದರು, ಏನು ಬರೆಯಲಿ? ಇಲ್ಲಿಂದ ಹೊರಗೆ ಹೋಗುವ ಉದ್ದನೆಯ ದಾರಿ ತೋರಿಸಿ ಎಂಬರ್ಥದ ಮಾತು ಬಂತು. ಅವರು ಎಂಟು ತ್ರಿಕೋನಗಳ ಚಿತ್ರ ಬರೆದರು. ಅದರಲ್ಲಿ ಹೆಂಗಸು ವೈದ್ಯೆ, ಬಸ್ಸಿನ ಚಾಲಕಿ, ಪೊಲೀಸ್, ಬಾಸ್ಕೆಟ್‌ಬಾಲ್ ಆಟಗಾರ್ತಿ, ಅಧ್ಯಕ್ಷೆ. ಮುಂದೆ ಆ ಕಟ್ಟಡಕ್ಕೆ ಗಂಡಸರನ್ನು ತುಂಬಿದಾಗ ಚಿತ್ರದ ಮೇಲೆ ಬಿಳಿ ಬಣ್ಣ ಬಳಿದರು. ಜೈಲಿನ ಸಿಬ್ಬಂದಿಯ ಕಾಳಜಿಯಿಂದ ಅದು ಉಳಿಯಿತು, ಶುಚಿಯಾಯಿತು, ಈಚೆಗೆ ಬ್ರೂಕ್ಲಿನ್ ಮ್ಯೂಸಿಯಮ್ಮಿಗೆ ಬಂತು. ಚಿತ್ರಕ್ಕೆ ಬಿಡುಗಡೆ ಸಿಕ್ಕಿದೆ, ಆ ದ್ವೀಪದಲ್ಲಿ ಜೈಲು ಇನ್ನೂ ಇದೆ.

ಫೇತ್ ರಿಂಗೋಲ್ಡ್ 2024ರ ಏಪ್ರಿಲಿನಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆಫ್ರಿಕಾದ ಮೂಲದ ಕೌದಿ ನಮ್ಮ ನಾಡಿನಲ್ಲೂ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು? ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ತಾಯಂದಿರು ಹಳೆಯ ಸೀರೆ, ಅಂಗಿಗಳ ತುಂಡು ಕೂಡಿಸಿ ಕವಂದಿ ಹೊಲಿಯುತ್ತಾರೆ. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಪುಟ್ಟ ಬಟ್ಟೆಯ ಹೂವು ಇಡದಿದ್ದರೆ ಕವಂದಿ ಬೆತ್ತಲೆ ಎನ್ನುತ್ತಾರೆ.

ಈ ಭಾನುವಾರ ವಂದನೆ ಮುಗಿದ ಮೇಲೆ ಎಂದಿನ ಓದು ಇರುವುದಿಲ್ಲ. ಬರುವವರು ಮನೆಯಲ್ಲಿರುವ ಒಂದು ಕೌದಿ ತನ್ನಿ. ಯಾವ ತುಂಡು ಯಾರ ಸೀರೆಯದು, ಯಾರ ಧೋತರದ್ದು ಎಂದು ಹಿರಿಯರನ್ನು ಮೊದಲೇ ಕೇಳಿಕೊಂಡು ಬನ್ನಿ. ಮಕ್ಕಳು ನೋಟ್‌ಬುಕ್ ತರಲಿ, ಅವರೇ ಬರೆದುಕೊಳ್ಳುತ್ತಾರೆ. ಬರಲಾಗದವರು ಕೌದಿಯ ಫೋಟೋ ಜೊತೆ ಒಂದು ವಾಯ್ಸ್ ಮೆಸೇಜ್ ಕಳಿಸಿ. ಅಜ್ಜಿ ಇದ್ದರೆ ಅಜ್ಜಿಯೇ ಮಾತಾಡಲಿ, ನಡುವೆ ಬಾಯಿ ಹಾಕಬೇಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.