ಇನ್ನೊಬ್ಬರ ಹೆಸರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕ್ರೈಸ್ತರ ಮನೆಗಳಲ್ಲಿ ಪ್ರಾರ್ಥನಾ ಕೂಟ ಸೇರುವುದು ಹೆಚ್ಚಾಗಿ ಹೊತ್ತು ಮುಳುಗಿದ ಮೇಲೆ. ಹೊಲದಿಂದ ಬಂದವರು ಕೈಕಾಲು ತೊಳೆದು, ದನಕ್ಕೆ ಮೇವು ಹಾಕಿ ಬರಬೇಕಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿರುತ್ತದೆ. ಒಂದು ಹಾಡು, ಬೈಬಲಿನ ಒಂದು ಭಾಗ, ಅದರ ಮೇಲೆ ನಾಲ್ಕು ಮಾತು. ಆಮೇಲೆ ಸಭಾಪಾಲಕರು ಕೇಳುತ್ತಾರೆ: “ಯಾರ ಸಲುವಾಗಿ ಪ್ರಾರ್ಥನೆ ಮಾಡೂಣು, ಹೇಳ್ರಿ.”

ಕೂಟದ ಜೀವವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ ಎಂದು ನನಗನ್ನಿಸುತ್ತದೆ. ಮಗಳ ಹೆರಿಗೆ ಹತ್ತಿರ ಬಂದಿದೆ. ಹತ್ತಿಗೆ ಹುಳ ಬಿದ್ದಿದೆ. ಗೋವಾಕ್ಕೆ ದುಡಿಯಲು ಹೋದ ಹುಡುಗ ಫೋನ್ ಎತ್ತುತ್ತಿಲ್ಲ. ಸೊಸೈಟಿಯ ಸಾಲದ ನೋಟಿಸು ಬಂದಿದೆ. ಬಾಗಿಲ ಹತ್ತಿರ ಕುಳಿತವಳೊಬ್ಬಳು ಮಾತ್ರ ತಲೆ ತಗ್ಗಿಸಿ “ನನ್ನ ಸಲುವಾಗಿ, ಅಷ್ಟ” ಅನ್ನುತ್ತಾಳೆ. ಅದು ಏನು, ಎತ್ತ ಎಂದು ಯಾರೂ ಕೆದಕುವುದಿಲ್ಲ. ಅವಳ ಹೆಸರೂ ಉಳಿದ ಹೆಸರುಗಳ ಜೊತೆ ಸೇರುತ್ತದೆ. ಆಮೇಲೆ ಹಂಚಿಕೆ: “ಇದನ್ನ ನೀವು ಮಾಡ್ರಿ ಮಾವಾ, ಅದನ್ನ ನೀ ಮಾಡವ್ವಾ.”

ಈ ಹಂಚಿಕೆಯನ್ನು ನೋಡಿದಾಗಲೆಲ್ಲ ನನಗೆ ಬೆರಗು. ಕಣ್ಣು ಮಂಜಾಗಿ, ಮಂಡಿ ಸೋತು, ಮನೆಯಲ್ಲಿ “ನೀ ಸುಮ್ನ ಕುಂದರಬೇ” ಅನ್ನಿಸಿಕೊಳ್ಳುವ ಅಜ್ಜಿಗೂ ಅಲ್ಲಿ ಒಂದು ಕೆಲಸ ಸಿಗುತ್ತದೆ. ಅದು ಅವಳ ಸಮಾಧಾನಕ್ಕೆ ಕೊಟ್ಟ ಕೆಲಸವಲ್ಲ. ಯಾವುದೋ ಮನೆಯ ಕೂಸಿನ ಜ್ವರ ಇನ್ನು ಅವಳ ಪಾಲಿನದು. ರಾತ್ರಿ ನಿದ್ದೆ ಬಾರದ ಹೊತ್ತು ಮೊದಲು ಬರೀ ನರಳಿಕೆಯಾಗಿತ್ತು. ಈಗ ಆ ಹೊತ್ತಿಗೊಂದು ಹೆಸರಿದೆ. ಬೆಳಗಾದರೆ ಕೋಲೂರಿಕೊಂಡು ಹೋಗಿ “ಕೂಸು ಹೆಂಗೈತಿ?” ಎಂದು ಕೇಳದೆ ಇರಲಾರಳು. ದೇವರ ಮುಂದೆ ಒಬ್ಬರ ಹೆಸರು ಹೇಳಿದ ಮೇಲೆ ಅವರ ಬಾಗಿಲು ದಾಟಿ ಸುಮ್ಮನೆ ಹೋಗಲು ಕಾಲು ಏಳುವುದಿಲ್ಲ. ಬದುಕಿಗೆ ಏನು ಅರ್ಥ ಎಂದು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಹುಡುಕುತ್ತೇವೆ. ಈ ಅಜ್ಜಿಗೆ ಅದು ಪಕ್ಕದ ಓಣಿಯ ಕೂಸಿನ ರೂಪದಲ್ಲಿ ಬಂದು ಮಡಿಲಲ್ಲಿ ಕೂತಿದೆ.

ಈ ರೂಢಿಯ ಒಂದು ಬೇರು ಬಹಳ ದೂರದಲ್ಲಿದೆ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ, ಮೆಥೊಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಯ ಜೊತೆಯವರು ಕೂಡಿದ್ದು ಪ್ರಾರ್ಥನೆಗಲ್ಲ, ಸಾಲ ತೀರಿಸುವ ದಾರಿ ಹುಡುಕಲು. ಕೂಟಕ್ಕೆಂದು ಕಟ್ಟಿಸಿದ ಮನೆಯ ಸಾಲ ಅದು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು ಅವರಲ್ಲೊಬ್ಬರಾದ ಕ್ಯಾಪ್ಟನ್ ಫಾಯ್. ಅನೇಕರಿಗೆ ಅದೂ ಆಗದು ಎಂಬ ಮಾತು ಬಂತು. ಹಾಗಾದರೆ ಎಲ್ಲರಿಗಿಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಕೊಡಿ, ಅವರು ಕೊಡಲಾಗದ್ದನ್ನು ನಾನೇ ತುಂಬುತ್ತೇನೆ ಎಂದರು ಆತ. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ಪೆನ್ನಿ ಎತ್ತಲು ಮನೆ ಮನೆಗೆ ಹೋದವರ ಕಣ್ಣಿಗೆ ಒಳಗಿನ ಜಗಳ, ಕುಡಿತ, ಕಷ್ಟ ಎಲ್ಲ ಬಿದ್ದವು. ತಾನು ಇಷ್ಟು ದಿನ ಹುಡುಕುತ್ತಿದ್ದುದು ಇದನ್ನೇ ಎಂದು ವೆಸ್ಲಿಗೆ ಅನ್ನಿಸಿತು. ಸಾಲ ವಸೂಲಿಗೆ ಹುಟ್ಟಿದ ಗುಂಪು ವಾರಕ್ಕೊಮ್ಮೆ ಒಬ್ಬರ ಅಂತರಂಗವನ್ನು ಇನ್ನೊಬ್ಬರು ವಿಚಾರಿಸುವ, ಒಬ್ಬರಿಗಾಗಿ ಇನ್ನೊಬ್ಬರು ಪ್ರಾರ್ಥಿಸುವ ಕೂಟವಾಯಿತು. ಇತ್ತ ನಮ್ಮ ಕಡೆಗೆ, ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. 1904ರಲ್ಲಿ ಆ ಮಿಷನ್ನಿನ ಕೆಲಸ ಮೆಥೊಡಿಸ್ಟರ ಕೈಗೆ ಬಂತು. ಹಾಗೆ ವೆಸ್ಲಿಯ ಪದ್ಧತಿ ಈ ಎರೆಮಣ್ಣಿನ ಸೀಮೆಗೂ ತಲುಪಿತು.

ಆದರೆ ಇಲ್ಲಿ ಆ ಪದ್ಧತಿಗೆ ಬಂದ ತೂಕವೇ ಬೇರೆ. ಈ ಸಭೆಗಳಿಗೆ ಬಂದವರಲ್ಲಿ ಬಹಳ ಮಂದಿ ಊರ ಹೊರಗಿನ ಕೇರಿಯವರು. ದೊಡ್ಡವರ ಅಂಗಳದಲ್ಲಿ ಅವರ ಹೆಸರು ಮುರಿದು ಅರ್ಧವಾಗುತ್ತಿತ್ತು, ಎಷ್ಟೋ ಸಲ “ಲೇ” ಅಷ್ಟೇ ಆಗುತ್ತಿತ್ತು. ಅಂಥವರ ಹೆಸರನ್ನು ಕೂಟದಲ್ಲಿ ಪೂರ್ತಿಯಾಗಿ, ಮೆಲ್ಲಗೆ, ದೇವರಿಗೆ ಒಪ್ಪಿಸುವಂತೆ ಉಚ್ಚರಿಸಿದಾಗ ಆ ಮನುಷ್ಯನ ಬೆನ್ನಿಗೆ ಏನಾಗಿರಬೇಕು! ಸಭೆಯೊಳಗೆ ಜಾತಿ ಪೂರ್ತಿ ಅಳಿಯಿತೆಂದು ನಾನು ಹೇಳಲಾರೆ. ಮದುವೆಯ ಮಾತು ಬಂದಾಗ ಅದು ಇಂದಿಗೂ ತಲೆ ಎತ್ತುತ್ತದೆ. ಆದರೆ ಯಾರನ್ನು ದೂರವಿಟ್ಟಿದ್ದೇವೋ ಅವರಿಗಾಗಿ ದಿನವೂ ಪ್ರಾರ್ಥಿಸುವುದು ಬಹಳ ಕಷ್ಟ. ದೂರವಾದರೂ ಕರಗಬೇಕು, ಪ್ರಾರ್ಥನೆಯಾದರೂ ನಿಲ್ಲಬೇಕು.

ಕೇಳಿದ್ದೆಲ್ಲ ಸಿಗುತ್ತದೆಯೇ? ಇಲ್ಲ. ಉಪವಾಸವಿದ್ದು ಪ್ರಾರ್ಥಿಸಿದ ಮನೆಗಳಿಗೂ ಆಸ್ಪತ್ರೆಯಿಂದ ಹೆಣ ಬಂದಿದೆ. ಇದಕ್ಕೆ ಸುಲಭದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಯೇಸುವೇ ಗೆತ್ಸೆಮನೆ ತೋಟದಲ್ಲಿ, ನನ್ನ ಜೊತೆ ಎಚ್ಚರವಾಗಿರಿ ಎಂದು ಗೆಳೆಯರನ್ನು ಬೇಡಿಕೊಂಡ. ಅವರು ನಿದ್ದೆ ಹೋದರು, ತಪ್ಪಿಹೋಗಲಿ ಎಂದು ಆತ ಬೇಡಿದ ಸಂಕಟದ ಪಾತ್ರೆಯೂ ತಪ್ಪಲಿಲ್ಲ. ಸೆರೆಯಲ್ಲಿದ್ದ ಪೌಲ ಪುಟ್ಟ ಪುಟ್ಟ ಸಭೆಗಳಿಗೆ ಪತ್ರ ಬರೆದು, ನನಗಾಗಿ ಪ್ರಾರ್ಥಿಸಿರಿ ಎಂದ. ಅಂಥವರಿಗೂ ಒಬ್ಬಂಟಿಯಾಗಿ ದೇವರ ಮುಂದೆ ನಿಲ್ಲುವುದು ಸಾಕೆನಿಸಲಿಲ್ಲ. ಹೆಣ ಬಂದ ಮನೆಗೆ ಮರುದಿನ ರೊಟ್ಟಿ ಪಲ್ಯ ಕಟ್ಟಿಕೊಂಡು ಬರುವವರೂ ಆ ಉಪವಾಸವಿದ್ದವರೇ. ಅವರ ಪ್ರಾರ್ಥನೆ ಸೋತಿತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆಯ ಊರುಗಳಿಗೆ ನುಗ್ಗಿದಾಗ ನೀರು ಯಾರ ದೇವರು ಯಾರು ಎಂದು ಕೇಳಲಿಲ್ಲ. ಈ ನೆಲದ ನೆರೆಹೊರೆಯೂ ಅಷ್ಟಾಗಿ ಕೇಳುವುದಿಲ್ಲ. ಇನ್ನೊಬ್ಬರಿಗಾಗಿ ಹರಕೆ ಹೊತ್ತು ಎಲ್ಲಮ್ಮನ ಗುಡ್ಡ ಹತ್ತುವವರ ಸೀಮೆ ಇದು. ಒಬ್ಬರ ನೋವನ್ನು ಇನ್ನೊಬ್ಬರು ಹೊರಬಹುದೆಂಬುದು ಇಲ್ಲಿ ಯಾರಿಗೂ ಹೊಸದಲ್ಲ. ಗುಡ್ಡಕ್ಕೆ ಹೋಗಿ ಬಂದವಳು ಹಣೆಯ ಭಂಡಾರ ಮಾಸುವ ಮೊದಲೇ ಪಕ್ಕದ ಮನೆಯ ಕಟ್ಟೆಗೆ ಬಂದು ಕೂರುತ್ತಾಳೆ.

“ಯಕ್ಕಾ, ಇವತ್ತ ನಿಮ್ಮ ಕೂಟದಾಗ ನನ್ನ ಮೊಮ್ಮಗಳ ಹೆಸರೂ ತಗೋರಿ.”

“ತಗೋತೀವಿ ಬಿಡು. ಹುಡುಗಿಗೆ ಏನಂತ ಕರೀತೀರಿ? ಒಳಗ ಬಾ, ಚಾ ಕುಡದ ಹೋಗು.”