ಗೊತ್ತು ಮಾಡಿದವರ ಹೊಣೆ

ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚಬೇಕು ಎಂಬ ಮಾತಿಗೆ ಎದುರಾಡುವವರು ಯಾರೂ ಇಲ್ಲ. ಇಲಾಖೆಯ ಗೋಡೆಬರಹದಿಂದ ಹಿಡಿದು ಸಂಘಸಂಸ್ಥೆಗಳ ವೇದಿಕೆ ಭಾಷಣದವರೆಗೆ ಎಲ್ಲರದೂ ಇದೇ ಮಾತು. ಇಷ್ಟೊಂದು ಒಮ್ಮತವಿರುವ ಮಾತಿನೊಳಗೆ ಕೇಳದೆ ಬಿಟ್ಟ ಪ್ರಶ್ನೆಯೊಂದು ಇದ್ದೇ ಇರುತ್ತದೆ ಎಂಬುದು ನೀತಿಶಾಸ್ತ್ರ ಓದುವ ನನ್ನಂಥವರ ಗುಮಾನಿ. ಇಲ್ಲಿ ಕೇಳದೆ ಬಿಟ್ಟಿರುವುದು ಇಷ್ಟೇ: ಪತ್ತೆಯಾದ ಮೇಲೆ? ರೋಗದ ಹೆಸರು ಹೇಳಿದವರಿಗೆ, ಆ ಹೆಸರು ಹೊತ್ತು ಮನೆಗೆ ಹೋದವಳ ಬಗ್ಗೆ ಏನಾದರೂ ಬಾಕಿ ಉಳಿಯುತ್ತದೆಯೇ?

1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ರೋಗ ತಪಾಸಣೆಯ ಬಗ್ಗೆ ಪುಸ್ತಕವೊಂದನ್ನು ಬರೆದರು. ಯಾವ ತೊಂದರೆಯನ್ನೂ ಹೇಳಿಕೊಳ್ಳದ ಜನರನ್ನು ಕರೆದು ತಪಾಸಣೆ ಮಾಡುವ ಮುನ್ನ ಗಮನಿಸಬೇಕಾದ ಹತ್ತು ಸೂತ್ರಗಳು ಅದರಲ್ಲಿವೆ. ರೋಗಕ್ಕೆ ಒಪ್ಪಿತವಾದ ಚಿಕಿತ್ಸೆ ಇರಬೇಕು ಎಂಬುದು ಎರಡನೆಯದು. ಖಚಿತ ಪತ್ತೆಗೂ ಚಿಕಿತ್ಸೆಗೂ ಬೇಕಾದ ಸೌಲಭ್ಯ ಕೈಗೆಟುಕುವಂತಿರಬೇಕು ಎಂಬುದು ಮೂರನೆಯದು. ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸಬಹುದು. ಆದರೆ ಜಗತ್ತಿನಲ್ಲಿ ಎಲ್ಲೋ ಚಿಕಿತ್ಸೆ ಇರುವುದು ಬೇರೆ, ಇಂಥವಳಿಗೆ ಅದು ಸಿಗುವುದು ಬೇರೆ. ಪ್ರಾದೇಶಿಕ ಆಸ್ಪತ್ರೆಯೊಂದು ತನ್ನ ಕ್ಯಾನ್ಸರ್ ವಿಭಾಗವನ್ನು ವಿಸ್ತರಿಸಬೇಕೇ, ಹೇಗೆ ವಿಸ್ತರಿಸಬೇಕು ಎಂಬ ಚರ್ಚೆಯೆಲ್ಲ ಈ ಎರಡು ಸೂತ್ರಗಳ ನಡುವಿನ ಸಂದಿಯಲ್ಲೇ ನಡೆಯುತ್ತದೆ.

ಕಲಬುರಗಿಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿಂದ ಸುಮಾರು 600 ಕಿಲೋಮೀಟರ್ ದೂರ. ಅದೇ ಸಂಸ್ಥೆಯ ಶಾಖೆಯೊಂದು ಅಲ್ಲಿದೆ. ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಲವತ್ತೈದರ ಹೆಂಗಸೊಬ್ಬಳಿದ್ದಾಳೆ ಎಂದು ಇಟ್ಟುಕೊಳ್ಳಿ. ತೊಗರಿ ಹೊಲದ ಕೂಲಿ ಅವಳ ಬದುಕು. ಒಂದು ಸಂಜೆ ಆಶಾ ಕಾರ್ಯಕರ್ತೆ ಬಂದು "ಅಕ್ಕಾ, ನಾಳಿಗಿ ಸಾಲ್ಯಾಗ ಕ್ಯಾಂಪ್ ಅದ, ಬರ್ರಿ" ಅನ್ನುತ್ತಾಳೆ. ಈಕೆಗೆ ನೋವಿಲ್ಲ, ದೂರಿಲ್ಲ. ಕರೆದವಳು ಪರಿಚಯದವಳು ಎಂಬ ಒಂದೇ ಕಾರಣಕ್ಕೆ ಹೋಗುತ್ತಾಳೆ. ಮೂವತ್ತು ದಾಟಿದವರನ್ನು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗಾಗಿ ತಪಾಸಣೆ ಮಾಡಬೇಕೆಂಬ ರಾಷ್ಟ್ರೀಯ ಮಾರ್ಗಸೂಚಿ 2016ರಿಂದ ಇದೆ. ಆಶಾ ಕಾರ್ಯಕರ್ತೆಯ ಆ ಒಂದು ಕರೆಯ ಹಿಂದೆ ಇಡೀ ಸರ್ಕಾರ ನಿಂತಿದೆ.

ನನ್ನ ಮಟ್ಟಿಗೆ ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ರಕ್ತಸ್ರಾವವಾಗಿ ಹೆದರಿ ತಾನಾಗಿ ಆಸ್ಪತ್ರೆಗೆ ಬಂದವಳು ತನ್ನ ಪ್ರಶ್ನೆಯನ್ನು ತಾನೇ ತಂದಿರುತ್ತಾಳೆ. ವೈದ್ಯರು ಅದಕ್ಕೆ ತಮ್ಮಿಂದಾದಷ್ಟು ಉತ್ತರ ಕೊಡುತ್ತಾರೆ. ಕ್ಯಾಂಪಿಗೆ ಬಂದವಳು ಏನನ್ನೂ ಕೇಳಿರಲಿಲ್ಲ. ಅವಳ ಬಾಗಿಲು ತಟ್ಟಿದವರು ನಾವು. ಹಾಗಾಗಿ ಅವಳ ವಿಷಯದಲ್ಲಿ "ನಮ್ಮ ಕೈಲಾದದ್ದು ಮಾಡಿದೆವು, ಮುಂದಿನದು ಅವರವರ ಹಣೆಬರಹ" ಅನ್ನುವಂತಿಲ್ಲ.

ಮುಂದಿನದು ಏನು ಎಂದು ಸ್ವಲ್ಪ ವಿವರವಾಗಿಯೇ ನೋಡಬೇಕು. ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಗರ್ಭಕೊರಳಿಗೆ ಸವರಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಕಾಣುತ್ತದೆಯೇ ಎಂದು ನರ್ಸ್ ನೋಡುತ್ತಾರೆ. ಮಚ್ಚೆ ಕಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಇಲ್ಲ ಎಂದು ಹೇಳಲು ಬಯಾಪ್ಸಿ ಬೇಕು, ಆ ಚೂರನ್ನು ಓದಲು ಪೆಥಾಲಜಿಸ್ಟ್ ಬೇಕು. ಆ ಫಲಿತಾಂಶ ಬರುವ ತನಕದ ರಾತ್ರಿಗಳು ಯಾವ ವರದಿಯಲ್ಲೂ ದಾಖಲಾಗುವುದಿಲ್ಲ. ಕ್ಯಾನ್ಸರ್ ಇದ್ದು ಅದು ಸ್ವಲ್ಪ ಮುಂದುವರಿದಿದ್ದರೆ, ವಾರಕ್ಕೆ ಐದು ದಿನದಂತೆ ಸುಮಾರು 25 ಸಲ ವಿಕಿರಣ ಕೊಡಬೇಕು. ಜೊತೆಗೆ ವಾರಕ್ಕೊಮ್ಮೆ ಕಿಮೋಥೆರಪಿ, ಆಮೇಲೆ ಒಳಗಿನಿಂದ ಕೊಡುವ ವಿಕಿರಣ. ಎಲ್ಲವೂ ಸುಮಾರು ಎಂಟು ವಾರದೊಳಗೆ ಮುಗಿಯಬೇಕು, ನಡುವೆ ತಪ್ಪಿದಷ್ಟೂ ಗುಣವಾಗುವ ಸಾಧ್ಯತೆ ತಗ್ಗುತ್ತದೆ.

ಇಪ್ಪತ್ತೈದು ಸಲ! ಶಸ್ತ್ರಚಿಕಿತ್ಸೆಯಾದರೆ ಬೆಂಗಳೂರಿಗೆ ಒಮ್ಮೆ ಹೋಗಿ ಬರಬಹುದು. ವಿಕಿರಣಕ್ಕೆ ಹೋದವಳು ಅಲ್ಲಿಯೇ ಉಳಿಯಬೇಕು, ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಧರ್ಮಶಾಲೆ, ಇಲ್ಲದಿದ್ದರೆ ಬಾಡಿಗೆ ಕೋಣೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಭರಿಸುತ್ತದೆ, ಅದು ದೊಡ್ಡ ಮಾತು. ಜೊತೆಗೆ ಬಂದ ಗಂಡನ ತಪ್ಪಿದ ಕೂಲಿಯನ್ನು, ಊರಲ್ಲಿ ಬಿಟ್ಟುಬಂದ ಮಕ್ಕಳ ಊಟವನ್ನು ಯಾವ ಕಾರ್ಡೂ ಭರಿಸುವುದಿಲ್ಲ. ಅದೇ ಚಿಕಿತ್ಸೆ ಕಲಬುರಗಿಯಲ್ಲಿ ಸರದಿಯಿಲ್ಲದೆ ಸಿಕ್ಕರೆ, ಆಳಂದದಿಂದ ಸುಮಾರು 40 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರಬಹುದು. (ಶಕ್ತಿ ಯೋಜನೆಯನ್ನು ಗೇಲಿ ಮಾಡುವವರು ಈ 25 ಸಲದ ಬಸ್ ಚಾರ್ಜಿನ ಲೆಕ್ಕ ಹಾಕಿ ನೋಡಬಹುದು.)

ಪೀಟರ್ ಸಿಂಗರ್ 1972ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಸಂಕಟದಲ್ಲಿರುವವರು ಹತ್ತಿರದವರೋ ದೂರದವರೋ ಎಂಬುದರಿಂದ ನಮ್ಮ ಕರ್ತವ್ಯ ಬದಲಾಗುವುದಿಲ್ಲ ಎಂದು ವಾದಿಸಿದರು. ಕೊಡುವವರ ಕಡೆಯಿಂದ ನೋಡಿದರೆ ಈ ವಾದದಲ್ಲಿ ಹುಳುಕು ಕಾಣುವುದಿಲ್ಲ. ಆದರೆ ಪಡೆಯುವವಳ ಕಡೆಯಿಂದ ದೂರವೇ ಎಲ್ಲವೂ. ಬೆಂಗಳೂರಿನಲ್ಲಿ ಉಚಿತವಾಗಿರುವ ಚಿಕಿತ್ಸೆ ಆಳಂದದ ಕೂಲಿ ಹೆಂಗಸಿಗೆ, ಅದರಲ್ಲೂ ತೊಗರಿ ರಾಶಿಯ ತಿಂಗಳಲ್ಲಿ, ಇಲ್ಲದ್ದಕ್ಕೆ ಸಮ. ನೀತಿಶಾಸ್ತ್ರದ ತರಗತಿಗಳಲ್ಲಿ ದೂರವನ್ನು ಕೊಡುವವರ ಮನಸ್ಸಿನ ದೌರ್ಬಲ್ಯವೆಂದೇ ಚರ್ಚಿಸುತ್ತೇವೆ. ಅದು ಬಸ್ಸಿನ ವೇಳಾಪಟ್ಟಿಯೂ ಹೌದು ಎಂಬುದನ್ನು ಮರೆಯುತ್ತೇವೆ.

ಹಾಗಾದರೆ ಚಿಕಿತ್ಸೆ ಪೂರ್ತಿ ಸಿದ್ಧವಾಗುವ ತನಕ ತಪಾಸಣೆ ನಿಲ್ಲಿಸಬೇಕೇ? ಇದಕ್ಕೆ ಹೌದು ಅನ್ನುವುದು ಸುಲಭ, ಆದರೆ ಅಪಾಯಕಾರಿ. ವಿಕಿರಣ ಯಂತ್ರಕ್ಕೆ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ ಬೇಕು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ವಿಕಿರಣದ ಪ್ರಮಾಣ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಬೇಕು. ರೋಗಿಗಳ ಪಟ್ಟಿ ತೋರಿಸದೆ ಇದಕ್ಕೆಲ್ಲ ಯಾರೂ ಹಣ ಬಿಡುಗಡೆ ಮಾಡುವುದಿಲ್ಲ. ಲೆಕ್ಕಕ್ಕೆ ಸಿಗದವರಿಗಾಗಿ ಆಸ್ಪತ್ರೆ ಕಟ್ಟಿದ ಸರ್ಕಾರವನ್ನು ನಾನು ಕಂಡಿಲ್ಲ.

ಈ ಇಕ್ಕಟ್ಟಿಗೆ ಹತ್ತಿರದಲ್ಲೇ ಒಂದು ಉದಾಹರಣೆಯಿದೆ. ಸೋಲಾಪುರ ಜಿಲ್ಲೆಯ ತಾಲ್ಲೂಕು ಕೇಂದ್ರ ಬಾರ್ಶಿಯಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯಿದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಆ ಊರಿನಲ್ಲಿ. ನೋಂದಣಿಯ ಕೆಲಸಗಾರರು ಹಳ್ಳಿಹಳ್ಳಿಗೆ ಹೋಗಿ ಲೆಕ್ಕ ಬರೆಯುತ್ತ, ಲಕ್ಷಣಗಳ ಬಗ್ಗೆ ಮಾತಾಡುತ್ತ ಹೋದಂತೆ, ಗರ್ಭಕೊರಳಿನ ಕ್ಯಾನ್ಸರಿನ ಹೆಂಗಸರು ಮೊದಲಿಗಿಂತ ಬೇಗನೆ ಆಸ್ಪತ್ರೆಗೆ ಬರತೊಡಗಿದರು. ಯಂತ್ರಕ್ಕಿಂತ ಮುಂಚೆ ಮಾತು ಕೆಲಸ ಮಾಡಿತ್ತು. ಮಾತಾಡಿದವರ ಬೆನ್ನಿಗೆ ಹೋಗಿ ಸೇರಬಹುದಾದ ಆಸ್ಪತ್ರೆಯೊಂದು ಇತ್ತು ಎಂಬುದನ್ನೂ ನೆನಪಿಡಬೇಕು.

1999ರಲ್ಲಿ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗಿನ ಧಾರಾಶಿವ, ನಮ್ಮ ಆಳಂದಕ್ಕೆ ಗಡಿ) ದೊಡ್ಡ ಅಧ್ಯಯನವೊಂದು ಶುರುವಾಯಿತು. ಹಳ್ಳಿಗಳ 52 ಗುಂಪು, 30ರಿಂದ 59 ವಯಸ್ಸಿನ 1,31,746 ಮಹಿಳೆಯರು. ಮೂರು ಭಾಗದವರಿಗೆ ಮೂರು ಬಗೆಯ ತಪಾಸಣೆ, ನಾಲ್ಕನೆಯವರಿಗೆ ಎಂದಿನ ವ್ಯವಸ್ಥೆ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ. 2009ರಲ್ಲಿ ಫಲಿತಾಂಶ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡವರ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ನಾಲ್ಕನೆಯ ಗುಂಪಿನಲ್ಲಿ 64. ಜಗತ್ತಿನ ತಪಾಸಣಾ ನೀತಿಯನ್ನೇ ಪ್ರಭಾವಿಸಿದ ಅಧ್ಯಯನ ಅದು.

ಆ 64 ಮಂದಿಯ ಬಗ್ಗೆ ಆಮೇಲೆ ದೊಡ್ಡ ವಾದವೇ ನಡೆಯಿತು. ಗೊತ್ತಿದ್ದೂ ತಪಾಸಣೆ ಕೊಡದೆ ಸಾವುಗಳನ್ನು ಎಣಿಸುತ್ತ ಕೂರುವುದು ಸರಿಯೇ ಎಂದು ಕೇಳಿದವರಿದ್ದರು. ಅಧ್ಯಯನ ಇಲ್ಲದಿದ್ದರೂ ಅವರಿಗೆ ಏನೂ ಸಿಗುತ್ತಿರಲಿಲ್ಲ ಎಂದು ಉತ್ತರಿಸಿದವರಿದ್ದರು. ಈ ಉತ್ತರ ನನಗೆ ಸಾಲದು. ಇಲ್ಲದ ಸೌಲಭ್ಯವನ್ನೇ ಅಳತೆಗೋಲು ಮಾಡಿಕೊಂಡರೆ, ಹಿಂದುಳಿದ ಜಿಲ್ಲೆಯಲ್ಲಿ ಏನು ಮಾಡಿದರೂ ಉಪಕಾರವೇ ಅನ್ನಿಸಿಕೊಳ್ಳುತ್ತದೆ. ಆದರೂ ಆ ಅಧ್ಯಯನದಲ್ಲಿ ನಾನು ಮೆಚ್ಚುವ ಸಂಗತಿಯೊಂದಿದೆ. ತಪಾಸಣೆಯಲ್ಲಿ ಸಿಕ್ಕವರನ್ನು ಚೀಟಿ ಬರೆದುಕೊಟ್ಟು ಕಳಿಸಿಬಿಡಲಿಲ್ಲ, ಚಿಕಿತ್ಸೆ ಅದೇ ಬಾರ್ಶಿಯ ಆಸ್ಪತ್ರೆಯಲ್ಲಿ ನಡೆಯಿತು. ಹುಡುಕಿದವರೇ ಹೊಣೆ ಹೊತ್ತರು.

ಕಲಬುರಗಿಯಂಥ ಕಡೆ ವಿಸ್ತರಣೆಯ ಪ್ರಶ್ನೆಯನ್ನು ನಾನು ಈ ಎಳೆಯಿಂದ ನೋಡುತ್ತೇನೆ. ತಪಾಸಣೆ ನಡೆಯಲಿ. ಆದರೆ ಕರೆದವರು ಕರೆದವಳನ್ನು 25ನೆಯ ಸಲದವರೆಗೂ ಹೆಸರು ಹಿಡಿದು ಹಿಂಬಾಲಿಸಬೇಕು. ಅಷ್ಟು ಜನರನ್ನು ಹಿಂಬಾಲಿಸಲಾಗದಿದ್ದರೆ ಆ ತಿಂಗಳು ಕಡಿಮೆ ಹಳ್ಳಿಗೆ ಹೋಗಲಿ. ಎಷ್ಟು ಜನರನ್ನು ಪರೀಕ್ಷಿಸಿದೆವು ಎಂಬ ಅಂಕಿ ಪತ್ರಿಕಾ ಪ್ರಕಟಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಎಷ್ಟು ಜನ ಚಿಕಿತ್ಸೆ ಮುಗಿಸಿದರು ಎಂಬುದು ಅದರ ಪಕ್ಕದ ಕಾಲಮ್ಮಿನಲ್ಲಿ ಇರಲೇಬೇಕು.

ಆ ಕಾಲಮ್ಮು ಬೇಕಾಗುವುದಕ್ಕೆ ಇನ್ನೊಂದು ಕಾರಣ, ಇಲ್ಲಿ "ಇಲ್ಲ" ಎಂದು ಬಾಯಿಬಿಟ್ಟು ಹೇಳುವವರು ಯಾರೂ ಇರುವುದಿಲ್ಲ. ಕೋಬಾಲ್ಟ್-60 ಯಂತ್ರವನ್ನು ನೋಡಿ. ಅದರ ಮೂಲದ ಶಕ್ತಿ ಸುಮಾರು 5.27 ವರ್ಷಕ್ಕೆ ಅರ್ಧವಾಗುತ್ತದೆ. ಹೊಸ ಮೂಲ ಬರದಿದ್ದರೆ ಅದೇ ಪ್ರಮಾಣದ ವಿಕಿರಣ ಕೊಡಲು ಎರಡರಷ್ಟು ಹೊತ್ತು ಹಿಡಿಯುತ್ತದೆ, ಹೊರಗೆ ಸರದಿ ಉದ್ದವಾಗುತ್ತದೆ. ಯಾವ ಅಧಿಕಾರಿಯೂ ಯಾರಿಗೂ ಚಿಕಿತ್ಸೆ ನಿರಾಕರಿಸಿರುವುದಿಲ್ಲ. ಒಂದು ಕಡತ ಎಲ್ಲೋ ನಿಂತಿರುತ್ತದೆ, ಸರದಿಯ ಕೊನೆಯವಳು ಮನೆಗೆ ಹೋಗಿರುತ್ತಾಳೆ.

2025-26ರ ಕೇಂದ್ರ ಬಜೆಟ್ಟಿನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಚಿಕಿತ್ಸೆಯ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ, ಮೊದಲ ವರ್ಷವೇ 200 ಆಗಲಿವೆಯೆಂದು ಘೋಷಿಸಿದ್ದರು. ಕಿಮೋಥೆರಪಿಗಾಗಿ ಬೆಂಗಳೂರಿನ ರೈಲು ಹತ್ತುವುದು ತಪ್ಪಿದರೆ ಅದು ನಿಜವಾದ ಉಪಕಾರ. ಅದೇ ಹಣದಲ್ಲಿ ಬಾಣಂತಿಯರನ್ನು, ಹಸುಗೂಸುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಉಳಿಸಬಹುದಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಸಂಖ್ಯೆಯ ಲೆಕ್ಕದಲ್ಲಿ ಅದು ಗೆಲ್ಲಲೂಬಹುದು. ಆದರೆ ಬಾಗಿಲು ತಟ್ಟುವ ಮೊದಲು ಮಾಡಬೇಕಾದ ಲೆಕ್ಕ ಅದು. ತಟ್ಟಿ, ಕರೆದು, ಹೆಸರು ಹೇಳಿದ ಮೇಲೆ ಅವಳ ಎದುರು ಕೂತು ಆ ಲೆಕ್ಕ ಮಾಡುವಂತಿಲ್ಲ.

ಗುಣವಾಗುವ ಹಂತ ದಾಟಿದ ಮೇಲೆ ಪತ್ತೆಯಾದವರ ಮಾತು ಉಳಿಯಿತು. ಯಂತ್ರಗಳ ಚರ್ಚೆಯಲ್ಲಿ ಇವರು ಕಳೆದುಹೋಗುತ್ತಾರೆ. ಇವರಿಗೆ ಬೇಕಾದದ್ದು ಅಗ್ಗದ ಮಾರ್ಫಿನ್ ಮಾತ್ರೆ, ಅದನ್ನು ಬರೆದುಕೊಡಲು ತರಬೇತಾದ ವೈದ್ಯರು, ತಿಂಗಳಿಗೊಮ್ಮೆ ಮನೆಗೆ ಬರುವ ನರ್ಸ್. ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳಿಗಿದ್ದ ಪರವಾನಗಿಯ ತೊಡಕನ್ನು 2014ರ ಕಾನೂನು ತಿದ್ದುಪಡಿ ಸಾಕಷ್ಟು ಸಡಿಲಿಸಿದೆ. ಇದಕ್ಕೆ ಕಾಂಕ್ರೀಟ್ ಗೋಡೆಯೂ ಬೇಡ, ಫಿಸಿಸಿಸ್ಟೂ ಬೇಡ. ಬೀಗ ಹಾಕಿದ ಒಂದು ಕಪಾಟು, ಒಂದು ರಿಜಿಸ್ಟರ್ ಇದ್ದರೆ ನಾಳೆಯೇ ಶುರು ಮಾಡಬಹುದು.